ನಿಮ್ಮ ಕಪ್ತಾನ ಹೇಗೆ?

ಮಾರ್ಬಲ್‌ಹೆಡ್, 1721 ಏಪ್ರಿಲ್ 9

ಎಲಿ,

ಕಾಗದದ ಮೊದಲ ಸಾಲಿನಲ್ಲಿ ಓದುವವರಿಗೆ ಒಳ್ಳೆಯದನ್ನು ಕೋರಬೇಕೆಂದು ಅಪ್ಪ ಕಲಿಸಿದ್ದರು. ಈ ಸಲ ನನ್ನ ಕೈ ಅದಕ್ಕೆ ಒಪ್ಪುತ್ತಿಲ್ಲ. ನಿನ್ನೆ ದಂಡೆಯ ತಟ್ಟಿಗಳ ಮೇಲೆ ಒಣಹಾಕಿದ್ದ ಕಾಡ್ ಮೀನು ಮಗುಚಿ ಹಾಕುತ್ತಿದ್ದೆ. ಜಮೈಕಾದಿಂದ ಬಂದ ಹಡಗಿನವನೊಬ್ಬ ನೇರವಾಗಿ ನನ್ನ ಬಳಿಗೇ ಬಂದ. ಅಷ್ಟು ಹೆಂಗಸರ ಮುಂದೆ, "ತಬಿತಮ್ಮಾ, ನಿನ್ನ ತಮ್ಮ ಕಡಲುಗಳ್ಳರ ಜೊತೆ ಸೇರ್ಕೊಂಡ. ಯಾರೂ ಎಳ್ಕೊಂಡು ಹೋಗ್ಲಿಲ್ಲ, ತಾನಾಗೇ ನಗ್ತಾ ನಗ್ತಾ ದೋಣಿ ಹತ್ತಿದ. ನಾನೇ ಕಣ್ಣಾರೆ ಕಂಡೆ" ಅಂದ.

ಎಳೆದುಕೊಂಡು ಹೋದರು ಅಂದಿದ್ದರೆ ಬಾಯಿ ಬಡಿದುಕೊಂಡು ಅಳುತ್ತಿದ್ದೆ. ತಾನಾಗೇ ಹೋದ ಅಂದರೆ ನಾನೇನು ಮಾಡಲಿ? ಬುಟ್ಟಿ ಕೈಜಾರಿ ಬಿತ್ತು. ಪಕ್ಕದ ಮನೆಯ ಡಾರ್ಕಸ್ ಬಂದು ನನ್ನನ್ನು ಹಿಡಿದುಕೊಳ್ಳದಿದ್ದರೆ ನಾನೂ ಮೀನಿನ ಜೊತೆ ಬಿದ್ದಿರುತ್ತಿದ್ದೆ. ಅಮ್ಮ ಹೋದಾಗ ನಿನಗೆ ಹಾಲುಹಲ್ಲು ಬಿದ್ದಿರಲಿಲ್ಲ. ನಿನ್ನನ್ನು ಎತ್ತಿ ಆಡಿಸಿದ ಕೈಯಿದು, ನಿನ್ನ ಕೆನ್ನೆಗೆ ಎರಡು ಬಾರಿಸಲಿಕ್ಕೂ ಇದಕ್ಕೆ ಹಕ್ಕಿದೆ.

ನಿನ್ನ ಭಾವನನ್ನು ನೋಡಿ ಕಲಿಯಬಾರದಿತ್ತೆ? ಅವರೂ ಹಡಗಿನವರೇ, ಅದೂ ಕಪ್ತಾನರು. ಒಂದು ಕುಡಿತವಿಲ್ಲ, ಒಂದು ಕೆಟ್ಟ ಮಾತಿಲ್ಲ. ಮನೆಗೆ ಬಂದರೆ ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಅವರಿದ್ದಾಗ ಮಕ್ಕಳು ಉಸಿರೆತ್ತುವುದಿಲ್ಲ. ಸುಸಾನಾ ಅಂತೂ ತಟ್ಟೆಗೆ ಚಮಚ ತಾಗಿದ ಸದ್ದೂ ಆಗದಂತೆ ಊಟ ಮಾಡುತ್ತಾಳೆ. ಅಷ್ಟು ಮರ್ಯಾದೆ! ದಂಡೆಯ ಹೆಂಗಸರಿಗೆಲ್ಲ ನನ್ನ ಮೇಲೆ ಹೊಟ್ಟೆಕಿಚ್ಚು. ಕಳೆದ ವಾರ ಡಾಲ್ಫಿನ್ ಹಡಗಿನಲ್ಲಿ ಒಣಮೀನು ತುಂಬಿಕೊಂಡು ಬಾರ್ಬಡೋಸ್‌ಗೆ ಹೊರಟರು. ಡಾರ್ಕಸಳ ಗಂಡ ನಿಕ್ಕಣ್ಣನೂ ಅಡುಗೆಯವನಾಗಿ ಜೊತೆಗೆ ಹೋಗಿದ್ದಾನೆ, ಎಂದಿನಂತೆ ಬಾಯ್ತುಂಬ ಹರಟುತ್ತ.

ಇದನ್ನು ಹಾರ್ಬರ್ ದ್ವೀಪದ ಹೆಂಡದಂಗಡಿಗೆ ಕಳಿಸುತ್ತಿದ್ದೇನೆ. ನಿನ್ನಂಥವರೆಲ್ಲ ಅಲ್ಲಿಗೆ ಬಂದೇ ಬರುತ್ತಾರಂತೆ. ಕೊರಳಿಗೆ ಹಗ್ಗ ಬೀಳುವ ಮುಂಚೆ ಮನೆಗೆ ಬಾ.

ಕೋಪದಲ್ಲಿರುವ
ನಿನ್ನ ಅಕ್ಕ ತಬಿತಾ

ಹಾರ್ಬರ್ ದ್ವೀಪ, 1721 ಜೂನ್ 20

ಅಕ್ಕ,

ನಿನ್ನ ಬೈಗುಳ ಓದಿ ಹೊಟ್ಟೆ ತುಂಬಿತು. ಬಾರಿಸಬೇಕೆಂದಿರುವ ಆ ಎರಡು ಏಟನ್ನು ಎತ್ತಿಟ್ಟಿರು, ಬಂದು ಈಸಿಕೊಳ್ಳುತ್ತೇನೆ.

ತಾನಾಗೇ ಹೋದ ಅನ್ನುವುದು ನಿಜ. ನನ್ನ ಹಳೆಯ ಕಪ್ತಾನ ಹೇಗಿದ್ದನೆಂದು ನಿನಗೆ ಬರೆದಿರಲಿಲ್ಲ. ಈಗಲೂ ಬರೆಯುವುದಿಲ್ಲ, ಮಕ್ಕಳು ಕಾಗದ ಮುಟ್ಟುವ ಮನೆ. ಇಷ್ಟು ತಿಳಿದುಕೋ: ಕಡಲುಗಳ್ಳರು ನಮ್ಮ ಹಡಗನ್ನು ಹಿಡಿದಾಗ ಮೊದಲು ಚಿನ್ನ ಕೇಳಲಿಲ್ಲ. ನಮ್ಮನ್ನೆಲ್ಲ ಹಾಯಿಕಂಬದ ಕೆಳಗೆ ನಿಲ್ಲಿಸಿ, "ನಿಮ್ಮ ಕಪ್ತಾನ ಹೇಗೆ?" ಅಂದರು. ಅಷ್ಟೇ ಪ್ರಶ್ನೆ. ಅಕ್ಕ, ಹುಟ್ಟಿದಾಗಿನಿಂದ ಅದನ್ನು ನನ್ನನ್ನು ಯಾರೂ ಕೇಳಿರಲಿಲ್ಲ! ನಾವು ಹೇಳಿದೆವು. ಅವನಿಗೆ ಆಗಬೇಕಾದದ್ದು ಆಯಿತು. ಆ ದಿನವೇ ನಾನು ದೋಣಿ ಹತ್ತಿದೆ.

ಇದು ಇವರಲ್ಲಿ ಕಟ್ಟುನಿಟ್ಟಿನ ಪದ್ಧತಿ. ಯಾವ ಹಡಗು ಸಿಕ್ಕಲಿ, ಆಳುಗಳು ಹೇಳಿದ್ದೇ ತೀರ್ಪು. ಕೆಟ್ಟವನೆಂದರೆ ಚಾಟಿ, ಇಲ್ಲವೇ ಸಮುದ್ರ. ಒಳ್ಳೆಯವನೆಂದರೆ ಹಡಗನ್ನು ವಾಪಸು ಕೊಟ್ಟು, ಹೆಂಡತಿಗೆಂದು ಉಡುಗೊರೆಯನ್ನೂ ಕೊಟ್ಟು ಕಳಿಸುತ್ತಾರೆ. ನಮ್ಮ ಮುಖಂಡ ಗ್ವಿನ್ ಎಂಬ ಮುದುಕ. ಅವನನ್ನೂ ನಾವೇ ಕೈಯೆತ್ತಿ ಆರಿಸಿದ್ದು, ಬೇಡವಾದರೆ ಇಳಿಸುವವರೂ ನಾವೇ. ಸಾಚಾಗಳ ಹಡಗಿನಲ್ಲಿ ಇಂಥದ್ದಿದೆಯೇ?

ಭಾವನ ಡಾಲ್ಫಿನ್ ನಮ್ಮ ಕೈಗೆ ಸಿಕ್ಕರೆ ನಿನಗೆ ರೇಷ್ಮೆ ಖಾತ್ರಿ! ಆ ಪ್ರಶ್ನೆಯನ್ನು ನಾನೇ ಮುಂದೆ ನಿಂತು ಕೇಳಿಸುತ್ತೇನೆ. ಯಾವ ಬಣ್ಣ ಬೇಕು, ಬರಿ.

ನಿನ್ನ ಪೋಕರಿ
ಎಲಿ

ಮಾರ್ಬಲ್‌ಹೆಡ್, 1721 ಆಗಸ್ಟ್ 30

ಎಲಿ,

ರೇಷ್ಮೆಯಂತೆ! ನಿನ್ನ ರೇಷ್ಮೆಗೆ ಬೆಂಕಿ ಹಾಕು. ಕದ್ದ ಬಟ್ಟೆ ಉಟ್ಟುಕೊಂಡು ಚರ್ಚಿಗೆ ಹೋಗುವಷ್ಟು ಗತಿ ನನಗಿನ್ನೂ ಕೆಟ್ಟಿಲ್ಲ.

ಇಲ್ಲಿ ಮನಸ್ಸು ಸರಿಯಿಲ್ಲ. ನಿನ್ನ ಭಾವ ಬಾರ್ಬಡೋಸಿನಿಂದ ಬರೆದಿದ್ದಾರೆ. ನಿಕ್ಕಣ್ಣ ತೀರಿಕೊಂಡನಂತೆ. ದಾರಿಯಲ್ಲಿ ಜ್ವರ ಬಂದು, ಸಮುದ್ರಕ್ಕೇ ಇಳಿಸಿದರಂತೆ. ಡಾರ್ಕಸಳಿಗೆ ಓದು ಬರುವುದಿಲ್ಲ, ನಾನೇ ಓದಿ ಹೇಳಬೇಕಾಯಿತು. ಕೇಳಿದವಳು ಅಳಲಿಲ್ಲ. "ಜ್ವರಾನಾ? ಅವ್ನಿಗೆ ಹುಟ್ಟಿದಾಗಿಂದ ಒಂದು ಸೀನೂ ಬಂದಿಲ್ಲ ಕಣೇ" ಅಂತ ನನ್ನ ಮುಖವನ್ನೇ ನೋಡುತ್ತ ಕೂತಳು. ದಿನಾ ಗಂಜಿ ಕಾಯಿಸಿ ಕೊಡುತ್ತಿದ್ದೇನೆ. ನಿನ್ನ ಭಾವ ಕಾಗದದಲ್ಲಿ ಎಷ್ಟು ನೊಂದು ಬರೆದಿದ್ದಾರೆ, ಗೊತ್ತೇ? "ಸ್ವಂತ ತಮ್ಮನನ್ನು ಕಳೆದುಕೊಂಡಂತಾಗಿದೆ" ಅಂದಿದ್ದಾರೆ. ಅದನ್ನು ಡಾರ್ಕಸಳಿಗೆ ಮತ್ತೆ ಮತ್ತೆ ಓದಿ ಹೇಳಿದೆ.

ಮಂಜು ಬೀಳುವ ಮುಂಚೆ ಅವರು ಬರುತ್ತಾರೆ. ನೀನೂ ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

ಅಕ್ಕ

ಸಮುದ್ರದ ಮೇಲಿಂದ, 1721 ನವೆಂಬರ್ 3

ಅಕ್ಕ,

ಇದನ್ನು ನಿಂತುಕೊಂಡು ಓದಬೇಡ. ಮಕ್ಕಳನ್ನು ಆಚೆ ಕಳಿಸಿ, ಕೂತುಕೊಂಡು ಓದು.

ಮೊನ್ನೆ ಡಾಲ್ಫಿನ್ ಸಿಕ್ಕಿತು. ಹಾಯಿ ನೋಡಿಯೇ ಗುರುತು ಹಿಡಿದು ಕುಣಿದಾಡಿಬಿಟ್ಟೆ. ಭಾವನನ್ನು ತಬ್ಬಿಕೊಳ್ಳಲು ಹೋದೆ, ಅವರು ಹಿಂದೆ ಸರಿದರು. ನಮ್ಮ ಹಡಗು ತೂತುಬಿದ್ದು ಸೋರುತ್ತಿತ್ತು. ಗ್ವಿನ್ ಮುದುಕ, "ಡಾಲ್ಫಿನ್ ನಮಗಿರಲಿ, ಇವ್ರಿಗೆ ಹಳೇ ದೋಣಿ ಕೊಟ್ಟು ಕಳಿಸಿ" ಅಂದ. ನನಗೆ ತಡೆಯಲಾಗಲಿಲ್ಲ. "ಅಜ್ಜಾ, ಇವ್ರು ನಮ್ಮ ಭಾವ. ದೇವ್ರಂಥ ಮನುಷ್ಯ. ಪದ್ಧತಿ ಪ್ರಕಾರ ಇವ್ರ ಆಳುಗಳನ್ನ ಕೇಳಿ. ಒಬ್ಬ ಕೆಟ್ಟ ಮಾತು ಆಡಿದ್ರೆ ನನ್ನ ಮೂಗು ಕುಯ್ಸ್ಕೋತೀನಿ" ಅಂದೆ. ಎಲ್ಲರೂ ನಕ್ಕರು.

ಭಾವ ನಗಲಿಲ್ಲ. ನನ್ನ ತೋಳು ಹಿಡಿದು ಪಿಸುಗುಟ್ಟಿದರು, "ಬೇಡ ಎಲಿ. ಹಡಗು ಹೋದ್ರೆ ಹೋಗ್ಲಿ. ಕೇಳಿಸ್ಬೇಡ." ನಾನು ಅದನ್ನು ವಿನಯ ಅಂದುಕೊಂಡೆ, ಅಕ್ಕ! ಎಂಥ ದೊಡ್ಡ ಮನಸ್ಸು ಅಂದುಕೊಂಡೆ.

ನಾನೇ ಕೇಳಿದೆ. "ಹೇಳ್ರಪ್ಪಾ, ನಿಮ್ಮ ಕಪ್ತಾನ ಹೇಗೆ?"

ಎಲ್ಲರೂ ಭಾವನ ಕೋಣೆಯ ಬಾಗಿಲ ಕಡೆ ನೋಡಿದರು. ಭಾವ ಇದ್ದದ್ದು ನನ್ನ ಪಕ್ಕದಲ್ಲಿ, ಕೋಣೆ ಖಾಲಿ. ಆದರೂ ಅವರ ಕಣ್ಣೆಲ್ಲ ಆ ಬಾಗಿಲಿಗೇ ಹೋಯಿತು. ಹಳೆಯ ಹಡಗಿನಲ್ಲಿ ನಾವೂ ಹೀಗೇ ನೋಡುತ್ತಿದ್ದೆವು.

ಕೊನೆಗೆ ನಮ್ಮೂರಿನ ಜೋಬ್ ಬಾಯಿ ಬಿಟ್ಟ. "ನಿಕ್ಕಣ್ಣ ಎಲ್ಲಿ ಅಂತ ಕೇಳು ಎಲಿ."

"ಜ್ವರ ಬಂದು ಹೋದ್ನಂತಲ್ಲ, ಅಕ್ಕ ಬರೆದಿದ್ಲು."

"ಜ್ವರಾನಾ! ಯಾರಪ್ಪನ ಜ್ವರ? ಕುಡಿಯೋ ನೀರಲ್ಲಿ ಹುಳ ಬಿದ್ದಿತ್ತು ಕಣೋ. ಬೇರೆ ಪೀಪಾಯಿ ತೆಗೆಸಿ ಸ್ವಾಮಿ ಅಂತ ಎಲ್ಲರ ಪರವಾಗಿ ಕೇಳ್ದ. ಅಷ್ಟೇ ತಪ್ಪು. ಕಂಬಕ್ಕೆ ಕಟ್ಸಿದ್ರು. ಇನ್ನು ಹರಟಬಾರ್ದು ಅಂತ ಹಲ್ಲಿನ ಮಧ್ಯೆ ಕಬ್ಬಿಣದ ಸಲಾಕೆ ಕೊಟ್ಟು ತಲೆ ಹಿಂದೆ ಬಿಗಿಸಿದ್ರು. ಉರಿಬಿಸಿಲು. ನೀರು ಕೊಡಕ್ಕೆ ಹೋದವನಿಗೆ ನೋಡು ಇದು." ಅಂಗಿ ಎತ್ತಿ ತೋರಿಸಿದ. "ಬಿಚ್ಚೋ ಹೊತ್ತಿಗೆ ಉಸಿರಿರ್ಲಿಲ್ಲ. ಅವತ್ತು ಸಾಯಂಕಾಲ ನಮ್ಮನ್ನೆಲ್ಲ ಕೂರ್ಸಿ ಪ್ರಾರ್ಥನೆ ಮಾಡ್ಸಿದ್ರು."

ಸುಳ್ಳೆಂದು ಹೇಳಲಿ ಎಂದು ಭಾವನ ಮುಖ ನೋಡಿದೆ. ಒಂದೇ ಒಂದು ಸಲ ಸುಳ್ಳೆಂದಿದ್ದರೆ ನಂಬಿಬಿಡುತ್ತಿದ್ದೆ. ಅವರು ದನಿ ಎತ್ತದೆ, "ಹಡಗು ನಡೆಸೋ ಕಷ್ಟ ನಿಮಗೇನು ಗೊತ್ತು?" ಅಂದರು.

ನಮ್ಮವರ ಕೈಗಳೆಲ್ಲ ಮೇಲೆದ್ದವು, ಸಮುದ್ರಕ್ಕೆ ಎಸೆಯಿರಿ ಎಂದು. ನಾನು ಗ್ವಿನ್ ಕಾಲಿಗೆ ಬಿದ್ದೆ. ಅಕ್ಕನ ಬಾಳು ಹಾಳಾಗುತ್ತದೆ, ಎರಡು ಮಕ್ಕಳಿವೆ ಎಂದು ಗೋಗರೆದೆ. ಮುದುಕ ಚಾಟಿಯನ್ನು ನನ್ನ ಕಡೆ ಚಾಚಿ, "ಕೇಳ್ಸಿದವನು ನೀನು. ಜೀವ ಉಳೀಬೇಕು ಅಂದ್ರೆ ಚಾಟಿ ನೀನೇ ಹಿಡಿ" ಅಂದ.

ಹಿಡಿದೆ, ಅಕ್ಕ. ಮುದುಕ ಸಾಕು ಅನ್ನುವವರೆಗೂ ನಿಲ್ಲಿಸಲು ಬಿಡಲಿಲ್ಲ.

ಕಡೆಗೆ ಡಾಲ್ಫಿನ್ ವಾಪಸು ಕೊಟ್ಟರು, ಜೋಬ್ ಮತ್ತಿತರರು ಊರು ಸೇರಲಿ ಎಂದು. ಭಾವನಿಗಿಂತ ಮುಂಚೆ ಈ ಕಾಗದ ನಿನ್ನನ್ನು ತಲುಪಲಿ. ಡಾರ್ಕಸಕ್ಕನಿಗೆ ಏನು ಹೇಳುತ್ತೀಯೋ ನನಗೆ ಗೊತ್ತಿಲ್ಲ.

ಎಲಿ

ಮಾರ್ಬಲ್‌ಹೆಡ್, 1722 ಜನವರಿ 12

ಸುಳ್ಳ! ಸುಳ್ಳ!

ಅವರು ಬಂದಿದ್ದಾರೆ. ಬೆನ್ನು ನೋಡಿದೆ. ಮುಲಾಮು ಹಚ್ಚುತ್ತಿರುವುದು ನಾನು. ಚಿನ್ನ ಎಲ್ಲಿಟ್ಟಿದ್ದೀಯ ಹೇಳು ಎಂದು ನೀನು ನಗುನಗುತ್ತ ಹೊಡೆದೆಯಂತೆ. ನಿಕ್ಕಣ್ಣ ಇವರ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಟ್ಟನಂತೆ. ಅದನ್ನು ಹೇಳುವಾಗ ಅವರ ಕಣ್ಣು ತುಂಬಿತು, ನಾನು ನೋಡಿದೆ.

ಜೋಬನ ಮನೆಗೂ ಹೋಗಿದ್ದೆ. "ನಂಗೇನೂ ಗೊತ್ತಿಲ್ಲ ತಬಿತಮ್ಮ, ನಾನೇನೂ ನೋಡಿಲ್ಲ" ಅಂದ. ಇನ್ನೇನು ಬೇಕು? ನೀನು ಮಾಡಿದ ಪಾಪವನ್ನು ಮುಚ್ಚಲು ಒಬ್ಬ ದೇವರಂಥವರ ಮೇಲೆ ಕೊಲೆ ಹೊರಿಸುತ್ತೀಯಲ್ಲ, ನಿನ್ನ ನಾಲಿಗೆ ಬಿದ್ದುಹೋಗಲಿ. ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ನನಗೆ ತಮ್ಮನಿಲ್ಲ.

ತಬಿತಾ

ಬಾಸ್ಟನ್ ಸೆರೆಮನೆ, 1722 ಮೇ 27

ಅಕ್ಕ,

ಹಾಗೆ ಕರೆಯಬಹುದೋ ಇಲ್ಲವೋ ಗೊತ್ತಿಲ್ಲ, ಆದರೆ ಬೇರೆ ಹೆಸರು ನಾಲಿಗೆಗೆ ಬರುವುದಿಲ್ಲ.

ಸುದ್ದಿ ಕೇಳಿರುತ್ತೀಯ. ರಾಜನ ಹಡಗು ನಮ್ಮನ್ನು ಹಿಡಿಯಿತು, ಗ್ವಿನ್ ಮುದುಕ ಸತ್ತ, ಉಳಿದವರು ಇಲ್ಲಿ ಸಂಕೋಲೆಯಲ್ಲಿದ್ದೇವೆ. ಮುಂದಿನ ತಿಂಗಳು ವಿಚಾರಣೆ. ಬಲವಂತಕ್ಕೆ ಸೇರಿದವರನ್ನು ಬಿಡುತ್ತಾರೆ, ಯಾರದಾದರೂ ಜೀವ ಉಳಿಸಿದವರಿಗೂ ಕನಿಕರ ತೋರಿಸುತ್ತಾರಂತೆ. ನಾನು ತಾನಾಗೇ ಹೋದವನು. ನಾನು ಉಳಿಸಿದ್ದು ಒಂದೇ ಜೀವ, ಆ ಜೀವವೇ ನನ್ನ ವಿರುದ್ಧ ಸಾಕ್ಷಿ ಹೇಳಲು ಬರುತ್ತಿದೆ. ಬೆನ್ನು ತೋರಿಸುತ್ತಾರಂತೆ.

ಜೋಬನನ್ನು ಬೈಯಬೇಡ. ಕಡಲುಗಳ್ಳರ ಮುಂದೆ ಕಪ್ತಾನನ ಮೇಲೆ ದೂರು ಹೇಳಿದೆ ಎಂದು ಒಪ್ಪಿಕೊಂಡರೆ ಅವನ ಕೊರಳಿಗೂ ಹಗ್ಗ ಬರಬಹುದು. ಭಾವ ದಾರಿಯಲ್ಲೇ ಎಲ್ಲರಿಗೂ ಅದನ್ನು ತಿಳಿಸಿ ಹೇಳಿದರಂತೆ, ದನಿ ಎತ್ತದೆ.

ನಾನು ಕೋರ್ಟಿನಲ್ಲಿ ನಿಕ್ಕಣ್ಣನ ಮಾತೆತ್ತುವುದಿಲ್ಲ. ಎತ್ತಿದರೆ ಭಾವ ಕೊಲೆಗಾರನಾಗುತ್ತಾರೆ, ನೀನು ಕೊಲೆಗಾರನ ಹೆಂಡತಿಯಾಗುತ್ತೀಯ. ಆಮೇಲೆ ಆ ಮಕ್ಕಳ ಗತಿ? ನಿನ್ನ ಮನೆ ಉಳಿಯಲಿ ಎಂದೇ ಅವತ್ತು ಚಾಟಿ ಹಿಡಿದೆ. ಈಗ ಬಾಯಿಬಿಟ್ಟರೆ ಆ ಏಟೆಲ್ಲ ದಂಡ. ನೀನೂ ಸುಮ್ಮನಿರು. ನಾನು ಸುಳ್ಳನೆಂದೇ ನಂಬಿಕೊಂಡಿರು, ನೆಮ್ಮದಿ.

ಒಂದೇ ಆಸೆ. ಕಾಕಂಬಿ ಹಾಕಿದ ಜೋಳದ ರೊಟ್ಟಿ ಮಾಡುತ್ತಿದ್ದೆಯಲ್ಲ, ಯಾರ ಕೈಲಾದರೂ ಕಳಿಸಿಕೊಡು.

ಎಲಿ

ಮಾರ್ಬಲ್‌ಹೆಡ್, 1722 ಜೂನ್ 24

ಎಲಿ, ನನ್ನ ಕಂದ,

ನಿನ್ನೆ ಕೋರ್ಟಿನಲ್ಲಿ ನೀನು ನನ್ನನ್ನೇ ನೋಡಿ ತಲೆ ಅಲ್ಲಾಡಿಸಿದೆ, ಬೇಡ ಬೇಡ ಎಂದು. ನೋಡಿದೆ. ನೋಡಿಯೂ ಮಾಡಿದೆ. ಆಮೇಲೆ ನಿನ್ನನ್ನು ಮಾತಾಡಿಸಲು ಕಾವಲುಗಾರ ಬಿಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಲ್ಲು ಸದ್ಯಕ್ಕೆ ನಿಂತಿದೆ. ರಾಜನ ಕ್ಷಮೆ ಕೇಳಿ ಲಂಡನ್ನಿಗೆ ಬರೆಯುತ್ತಾರಂತೆ. ಹಡಗು ಹೋಗಿ ಬರುವವರೆಗೆ ನೀನು ಬದುಕಿರುತ್ತೀಯ. ಅದರಾಚೆಗೆ ನನಗೆ ಯಾರೂ ಮಾತು ಕೊಟ್ಟಿಲ್ಲ. ಜೋಬ್ ಮತ್ತಿತರರನ್ನು ಮುಟ್ಟುವುದಿಲ್ಲವೆಂದು ಮಾತ್ರ ನ್ಯಾಯಾಧೀಶರು ಎಲ್ಲರೆದುರು ಹೇಳಿದರು.

ನಡೆದದ್ದು ಹೇಳುತ್ತೇನೆ. ಡಾರ್ಕಸ್ ಮನೆಗೆ ಹೋದೆ. ಗಂಜಿ ತೆಗೆದುಕೊಂಡು ಹೋಗುತ್ತಿದ್ದ ಅದೇ ಬಾಗಿಲು. ನಿನ್ನ ಕಾಗದ ಸುಟ್ಟಿದ್ದೆ ನಿಜ, ಆದರೆ ಅದರ ಒಂದು ಮಾತೂ ನನ್ನೊಳಗೆ ಸುಟ್ಟಿರಲಿಲ್ಲ. ನೀರು, ಹುಳ, ಕಂಬ, ಸಲಾಕೆ, ಎಲ್ಲ ಹೇಳಿದೆ. ನನ್ನ ಮುಖಕ್ಕೆ ಉಗಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಏಪ್ರನ್ ಬಿಚ್ಚಿಟ್ಟು, "ನಡಿ" ಅಂದಳು. ದಂಡೆಗೆ ಹೋಗಿ ಹಡಗಿನವರು ಕೂತಿದ್ದ ಕಡೆ ನಿಂತು ಕೂಗಿದಳು, "ಏನ್ರೋ, ಕಳ್ಳರು ಕೇಳಿದ್ರೆ ಬಾಯಿ ಬರುತ್ತೆ, ನಿಕ್ಕನ ಹೆಂಡ್ತಿ ಕೇಳಿದ್ರೆ ಬರಲ್ವಾ? ಹೇಳ್ರೋ, ನಿಮ್ಮ ಕಪ್ತಾನ ಹೇಗೆ?" ಮೀನು ಮಗುಚುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿದರು. ಜೋಬ್ ನೆಲ ನೋಡಿದ. ಆಮೇಲೆ ಅವನ ಹೆಂಡತಿಯೇ ಅವನ ಬೆನ್ನಿಗೆ ಗುದ್ದಿ, "ಹೇಳೋ ಹೇಡಿ! ದಿನಾ ನಿದ್ದೇಲಿ ಕಿರುಚ್ತೀಯಲ್ಲ, ಅದನ್ನೇ ಹೇಳು" ಅಂದಳು. ಹೇಳಿದ. ಅವನ ಹಿಂದೆ ಉಳಿದವರೂ ಹೇಳಿದರು. ಎಲ್ಲರೂ ಒಂದೇ ದೋಣಿಯಲ್ಲಿ ಬಾಸ್ಟನ್ನಿಗೆ ಬಂದು, ನಿಕ್ಕಣ್ಣ ಸತ್ತ ಬಗೆಯನ್ನೂ, ಜೀವ ಉಳಿಸಲೆಂದೇ ನೀನು ಚಾಟಿ ಹಿಡಿದದ್ದನ್ನೂ ನ್ಯಾಯಾಧೀಶರೆದುರು ಹೇಳಿದೆವು.

ಸೈಲಸ್ ಇವತ್ತು ಮಧ್ಯಾಹ್ನ ಊರಿಗೆ ಬಂದ. ಇನ್ನು ಮೇಲೆ ಅವನನ್ನು ನಿನ್ನ ಭಾವ ಅನ್ನಲಾರೆ. ಕೊಲೆಯ ವಿಚಾರಣೆ ಇನ್ನು ಮುಂದೆ ಆಗಬೇಕಂತೆ, ಅಲ್ಲಿಯವರೆಗೆ ದೊಡ್ಡವರು ಯಾರೋ ಜಾಮೀನು ನಿಂತಿದ್ದಾರೆ. ಬಾಗಿಲ ಹೊರಗೆ ನಿಂತು ಮೆತ್ತಗೆ, "ತಬಿತಾ, ಬಾಗಿಲು ತೆಗಿ. ನೆರೆಹೊರೆಯವರು ನೋಡ್ತಿದಾರೆ" ಅಂದ. ನೋಡುತ್ತಲೇ ಇದ್ದರು. ಡಾರ್ಕಸ್ ಮೀನು ಸೀಳುವ ಕತ್ತಿ ಹಿಡಿದು ನನ್ನ ಮೆಟ್ಟಿಲ ಮೇಲೆ ಕೂತಿದ್ದಳು. ಬಂದ ದಾರಿಯಲ್ಲೇ ತಿರುಗಿ ಹೋದ.

ಸುಮ್ಮನಿರು ಎಂದು ಅಷ್ಟು ಹೇಳಿದರೂ ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತೀಯ. ನಿಜ ಹೇಳುತ್ತೇನೆ, ನಾನು ಸುಮ್ಮನಿರುವುದೆಂದೇ ತೀರ್ಮಾನಿಸಿದ್ದೆ. ಮನೆ ಉಳಿಯಲಿ ಎಂದು ನೀನೇ ಬರೆದಿದ್ದೆಯಲ್ಲ, ಅದನ್ನೇ ನೆಪ ಮಾಡಿಕೊಂಡೆ. ಡಾರ್ಕಸ್ ಮನೆಗೆ ಹೋದ ದಿನ ಬೆಳಿಗ್ಗೆ ನಿನಗೆ ಕಳಿಸಲು ರೊಟ್ಟಿ ತಟ್ಟುತ್ತಿದ್ದೆ. ಸೈಲಸ್ ವಿಚಾರಣೆಗೆಂದು ಬಾಸ್ಟನ್ನಿಗೆ ಹೋಗಿದ್ದ. ಮಕ್ಕಳಿಗೂ ಬಿಸಿಬಿಸಿ ರೊಟ್ಟಿ ಹಾಕಿ ಕೊಟ್ಟೆ. ಚಿಕ್ಕವನ ಕೈಯಿಂದ ಚಮಚ ಜಾರಿ ನೆಲಕ್ಕೆ ಬಿತ್ತು, ಠಣ್ ಅಂತ. ಸುಸಾನಾ ಹಾರಿ ಹೋಗಿ ಅವನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಅವನು ಅತ್ತಿರಲೇ ಇಲ್ಲ, ಎಲಿ. ಅಳುವ ಮುಂಚೆಯೇ ಹಿಡಿದಳು.

ಆ ಪ್ರಶ್ನೆ ನನಗೆ ಗೊತ್ತಿಲ್ಲದೆಯೇ ಬಾಯಿಗೆ ಬಂತು. "ಸುಸೀ, ನಮ್ಮನೆ ಕಪ್ತಾನ ಹೇಗಮ್ಮ?" ಅಂದೆ.

ಅವಳು ಬಾಗಿಲ ಕಡೆ ನೋಡಿದಳು. ಅಪ್ಪ ಬಾಸ್ಟನ್ನಿನಲ್ಲಿದ್ದಾನೆಂದು ಅವಳಿಗೆ ಗೊತ್ತು, ದೋಣಿಯವರೆಗೆ ಹೋಗಿ ಕಳಿಸಿ ಬಂದವಳೇ ಅವಳು. ಆದರೂ ಬಾಗಿಲನ್ನೇ ನೋಡಿದಳು.

ನಾನು ದಂಡೆಯಲ್ಲಿ ಮೀನು ಮಗುಚುತ್ತ ಗಂಡನನ್ನು ಹೊಗಳುತ್ತಿದ್ದ ಹೊತ್ತಿನಲ್ಲೆಲ್ಲ ಈ ಮನೆಯಲ್ಲಿ ಏನು ನಡೆಯುತ್ತಿತ್ತೋ. ಎದ್ದು ಹೋಗಿ ಬಾಗಿಲಿಗೆ ಅಗುಳಿ ಹಾಕಿದೆ. ವಾಪಸು ಬಂದು ಅವಳ ಮುಂದೆ ನೆಲದ ಮೇಲೆ ಕೂತು, ಮತ್ತೆ ಕೇಳಿದೆ.

ಆಗ ಹೇಳಿದಳು.

ನಿನ್ನ ಅಕ್ಕ
ತಬಿತಾ